ಗೆಲುವು ಮೇಷ್ಟ್ರು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳದ ಮನುಷ್ಯರೆಂದರೆ ಅವರೊಬ್ಬರೇ. ಬೆಳಿಗ್ಗೆ ಒಳಗೆ ಬರುತ್ತಲೇ ಕೊಡೆಯನ್ನು ಕಿಟಕಿಯ ಸರಳಿಗೆ ತಗುಲಿಹಾಕಿ, ಎದುರಿಗೆ ಸಿಕ್ಕವರನ್ನು ‘ಗೆಲುವಾಗಿದೀರಾ?’ ಎಂದು ಕೇಳುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಗಣಿತದ ಲೆಕ್ಚರರ್ ಆಗಿ ಅರಸೀಕೆರೆಗೆ ಬಂದಿಳಿದ ನನಗೆ ಆ ಪ್ರಶ್ನೆ ವಿಚಿತ್ರವಾಗಿ ಕೇಳಿಸಿತು. ನಮ್ಮಜ್ಜಿ ಜ್ವರ ಬಿಟ್ಟ ಮಕ್ಕಳನ್ನು ನೋಡಿ ಆಡುತ್ತಿದ್ದ ಮಾತು ಅದು.

‘ನನಗೇನೂ ಕಾಯಿಲೆ ಆಗಿರಲಿಲ್ಲವಲ್ಲ ಸಾರ್’ ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಾತೊಂದು ರುಚಿಸಿದಾಗಲೆಲ್ಲ ಹಾಗೆ ಮಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ದೂರದ್ದನ್ನು ನೋಡಲು ಅವರಿಗೆ ಕನ್ನಡಕ ಬೇಕಿರಲಿಲ್ಲ. ‘ನೋಡಿದ್ರಾ, ಗಣಿತದವರು ಬಂದ ದಿನವೇ ನಮಗೆ ಅರ್ಥ ಹೇಳಿಕೊಟ್ರು’ ಎಂದು ಉಳಿದವರಿಗೆ ಹೇಳಿ, ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಅವತ್ತಿನಿಂದ ಅದೇ ಅವರ ಜಾಗವಾಯಿತು.

ಅವರು ಕನ್ನಡ ಕಲಿಸುತ್ತಿದ್ದರು. ಹುಡುಗರು ಬೆನ್ನ ಹಿಂದೆ ‘ಗೆಲುವು ಮೇಷ್ಟ್ರು’ ಎನ್ನುತ್ತಿದ್ದುದು ಅವರಿಗೂ ತಿಳಿದಿತ್ತು. ತಪ್ಪೇನಿಲ್ಲ ಎಂಬಂತೆ ಇದ್ದರು. ಆ ಒಂದು ಪದದ ಮೇಲೆ ಅವರಿಗಿದ್ದ ಪ್ರೀತಿ ಅಂಥದ್ದು. ನನ್ನ ತರಗತಿಗೂ ಅವರ ತರಗತಿಗೂ ನಡುವೆ ಇದ್ದುದು ಸೂರಿನವರೆಗೂ ಮುಟ್ಟದ ಒಂದು ಗೋಡೆ. ಹಾಗಾಗಿ ನಾನು ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಆ ಕಡೆಯಿಂದ ಅವರ ದನಿ ಕೇಳಿಸುತ್ತಲೇ ಇರುತ್ತಿತ್ತು. ನನ್ನ ಹುಡುಗರಲ್ಲಿ ಅರ್ಧ ಜನರ ಕಿವಿ ಅಲ್ಲಿರುತ್ತಿತ್ತು. ನಿಜ ಹೇಳಬೇಕೆಂದರೆ ನನ್ನದೂ.

‘ಸಂತೋಷಕ್ಕೆ ನಮ್ಮಲ್ಲಿ ಎಷ್ಟೊಂದು ಮಾತಿದೆ ನೋಡ್ರಪ್ಪ. ಖುಷಿ ಅಂತೀರಿ, ಅದು ಪಾರಸಿಯಿಂದ ಬಂದು ನಮ್ಮನೇಲೇ ಉಳಿದುಕೊಂಡ ನೆಂಟ. ಉಲ್ಲಾಸ ಸಂಸ್ಕೃತದ್ದು, ಅದರೊಳಗೆ ಹೊಳೆಯೋದು ಅನ್ನೋ ಅರ್ಥ ಇದೆ. ನಲಿವು ನಮ್ಮದೇ, ಆದರೆ ಪದ್ಯದಲ್ಲಿ ಮಾತ್ರ ಸಿಗುತ್ತೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗಲ್ಲ. ಗೆಲುವು ನೋಡಿ. ಗೆಲ್ ಅಂತ ಹಳೆಯ ಧಾತು. ಗೆಲ್ದು ಅನ್ನೋದೇ ಗೆದ್ದು ಆಯ್ತು. ತೆಲುಗಿನವರಿಗೆ ಗೆಲುಪು ಇದೆ, ತಮಿಳಿನವರಿಗೆ ಕೆಲಿ ಇದೆ. ಅವರು ಗೆದ್ದು ಸುಮ್ಮನಾದರು. ಗೆದ್ದವನ ಮುಖ ಹೇಗಿರುತ್ತೆ ಅಂತ ತಿರುಗಿ ನೋಡಿದವರು ನಾವು ಮಾತ್ರ. ಅದಕ್ಕೇ ನಮಗೆ ಜಯಕ್ಕೂ ಗೆಲುವು, ಮುಖದ ಕಳೆಗೂ ಗೆಲುವು.’

ಪಕ್ಕದ ಭಾಷೆಯವರ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತಿದ್ದರೋ ಏನೋ. ಆದರೆ ಅವರು ಹೇಳುವಾಗ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಪುಸ್ತಕದಿಂದ ಕಲಿತದ್ದಕ್ಕಿಂತ ಕೇಳಿಸಿಕೊಂಡದ್ದನ್ನು ಹೇಳುವಾಗ ಅವರಿಗೆ ಉತ್ಸಾಹ. ಅವರ ಹೆಂಡತಿಯ ತವರು ಬೇಲೂರಿನ ಕಡೆ ಗೆಂಡೆಹಳ್ಳಿ. ಅಲ್ಲಿಗೆ ಹೋಗಿಬಂದ ಸೋಮವಾರ ಸ್ಟಾಫ್ ರೂಮಿನಲ್ಲಿ ಯಾವುದೋ ಗುಟ್ಟು ಹೇಳುವವರಂತೆ ನನ್ನ ಕಡೆ ಬಾಗುತ್ತಿದ್ದರು. ‘ಮೊನ್ನೆ ಒಬ್ಬರು ಹೊಲದ ಬದುವಿನ ಮೇಲೆ ನಿಂತು ಏನಂದ್ರು ಗೊತ್ತೇನ್ರೀ? ಮಳೆ ಬಿತ್ತಲ್ಲ, ರಾಗಿ ಪೈರು ಗೆಲುವಾಗೈತೆ ಅಂದ್ರು. ಪೈರು ಯಾರ ಮೇಲೆ ಯುದ್ಧ ಮಾಡಿತ್ತು? ಬಿಸಿಲಿನ ಮೇಲೆ. ಜ್ವರ ಬಿಟ್ಟ ಮಗುವೂ ಹಾಗೇ. ಸೋಲುವ ಹಾಗಿದ್ದದ್ದು ಸೋಲಲಿಲ್ಲ. ಆ ಕಳೆ ಇದೆಯಲ್ಲ, ಅದು ಗೆಲುವು. ಬರೀ ನಗುವಲ್ಲ.’

ವರ್ಷಕ್ಕೊಮ್ಮೆ ಹುಡುಗ ಹುಡುಗಿಯರನ್ನು ಬೇಲೂರು ಹಳೇಬೀಡಿಗೆ ಕರೆದೊಯ್ಯುವುದು ಅವರ ಪಾಲಿನ ಕೆಲಸ. ಬೇಲೂರಿನ ಗುಡಿಯ ಅಂಗಳದಲ್ಲಿ ಗೈಡು ಶಿಲಾಬಾಲಿಕೆಯರ ಬಳೆ ತೋರಿಸುತ್ತಿದ್ದರೆ ಇವರು ಶಾಸನದ ಕಲ್ಲಿನ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ‘ಈ ದೇವರಿಗೆ ಮೊದಲು ವಿಜಯನಾರಾಯಣ ಅಂತ ಹೆಸರಂತೆ. ರಾಜ ಗೆದ್ದ ನೆನಪಿಗೆ ಕಟ್ಟಿಸಿದ್ದು. ವಿಜಯ ಅಂದರೆ ಬರೀ ಜಯ, ಅದರಲ್ಲಿ ಮುಖವಿಲ್ಲ. ಕಲ್ಲುಕುಟಿಗ ಕನ್ನಡದವನು. ಅವನು ಗೆಲುವು ಅಂತ ಅರ್ಥ ಮಾಡಿಕೊಂಡ. ಅದಕ್ಕೇ ಈ ಕಲ್ಲಿಗೆಲ್ಲ ಮುಖ ಬಂತು.’

ನಾನೂ ಜೊತೆಗೆ ಹೋಗಿದ್ದ ಒಂದು ಸಲ, ಬಾಣಾವರದಿಂದ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಿದ್ದ ಹುಡುಗಿಯೊಬ್ಬಳು, ‘ಹಂಗಾರೆ ಸೋತೋರು ಗೆಲುವಾಗಿರಕ್ಕೆ ಆಗಲ್ವಾ ಸಾರ್?’ ಎಂದಳು. ಅವರು ಕನ್ನಡಕ ತೆಗೆದರು. ಹಾಕಿಕೊಂಡರು. ‘ಒಳ್ಳೆ ಪ್ರಶ್ನೆ ಕಣಮ್ಮ. ನನಗೆ ಗೊತ್ತಿಲ್ಲ’ ಎಂದರು.

ಅವರ ಊರು ಹಾರನಹಳ್ಳಿ. ತಂದೆ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ತಾಯಿ ಬೇಗ ತೀರಿಹೋದರು. ಆಮೇಲೆ ಅವರನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದ್ದು ಅಕ್ಕ. ಆ ಅಕ್ಕ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ತವರಿಗೇ ಬಂದಿದ್ದರು. ತಂದೆಯನ್ನೂ ಕೆರೆಯ ಹಿಂದಿನ ತೆಂಗಿನ ತೋಟವನ್ನೂ ನೋಡಿಕೊಂಡು ಅಲ್ಲೇ ಉಳಿದಿದ್ದರು. ಮೇಷ್ಟ್ರು ಕೆಲಸ ಸಿಕ್ಕ ಮೇಲೆ ಅರಸೀಕೆರೆಯಲ್ಲೇ ಮನೆ ಮಾಡಿದ್ದರು.

ನಾನು ಆ ಅಕ್ಕನನ್ನು ಮೊದಲು ನೋಡಿದ್ದು ತೋಟದಲ್ಲೇ. ಒಂದು ಭಾನುವಾರ ಮೇಷ್ಟ್ರು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು ಆಕೆ ಮರದ ಬುಡಕ್ಕೆ ಪಾತಿ ಮಾಡಿಸುತ್ತಿದ್ದರು. ತಮ್ಮನನ್ನು ನೋಡಿದ ಕೂಡಲೇ, ‘ಏನೋ, ಸ್ನೇಹಿತ್ರನ್ನ ಕರ್ಕಂಡ್ ಬರೋನು ಮುಂಚೆ ಹೇಳಿ ಕಳಿಸಬಾರ್ದಾ? ಏನ್ ಮೇಷ್ಟ್ರೋ ನೀನು’ ಎಂದು ಬೈದು, ಒಂದು ಕಾಯಿ ಒಡೆಸಿ ಬೆಲ್ಲದ ಜೊತೆ ಕೊಟ್ಟರು. ಮೇಷ್ಟ್ರು ಆ ಬೈಗುಳದ ಮುಂದೆ ಹೈಸ್ಕೂಲು ಹುಡುಗನಂತೆ ನಗುತ್ತ ನಿಂತಿದ್ದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಕಾಲೇಜಿನಲ್ಲಿ ಎಂದೂ ಕಂಡಿರಲಿಲ್ಲ.

ತೋಟದ ತಕರಾರು ಶುರುವಾದದ್ದು ತಂದೆ ತೀರಿಕೊಂಡು ಕೆಲವು ವರ್ಷ ಕಳೆದ ಮೇಲೆ. ಅಕ್ಕನ ಮಗಳನ್ನು ಬಾಣಾವರಕ್ಕೆ, ರೈಲ್ವೆಯಲ್ಲಿದ್ದ ಹುಡುಗನಿಗೆ ಕೊಟ್ಟಿದ್ದರು. ತಾವು ಹೋದ ಮೇಲೆ ತೋಟ ಮಗಳಿಗೆ ಸೇರಲಿ ಎಂದು ಅಕ್ಕ ಖಾತೆಯನ್ನು ತಮ್ಮದೇ ಹೆಸರಿಗೆ ಮಾಡಿಸಿಕೊಳ್ಳಲು ಹೊರಟರು. ಅದಕ್ಕೆ ತಮ್ಮನ ಒಪ್ಪಿಗೆ ಬೇಕಾಯಿತು. ಮೇಷ್ಟ್ರು ಒಪ್ಪಲಿಲ್ಲ.

ಕಾರಣ ಕೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ತಂದೆಯ ಕೊನೆಗಾಲದಲ್ಲಿ ಅಕ್ಕ ತಮ್ಮ ಇಬ್ಬರೂ ಹಾಸಿಗೆಯ ಪಕ್ಕದಲ್ಲಿದ್ದರು. ತಂದೆ ಮಗಳ ಕೈ ಹಿಡಿದು, ‘ತೋಟ ನಿಂದೇ ಅನ್ಕೊಂಡು ನೋಡ್ಕೊಳವ್ವ’ ಎಂದರಂತೆ. ಆ ಮಾತಿನ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ‘ನಿಂದೇ ಅಂದ್ರಲ್ಲ’ ಎಂದು ಅಕ್ಕ. ‘ಅನ್ಕೊಂಡು ಅಂದರು. ಅನ್ಕೊಂಡು ಅಂದರೆ ಭಾವಿಸಿಕೊಂಡು. ನಿನ್ನದಲ್ಲದ್ದನ್ನೇ ನಿನ್ನದು ಅಂತ ಭಾವಿಸಿಕೊಳ್ಳಬೇಕಾಗೋದು’ ಎಂದು ತಮ್ಮ.

‘ಬಿಟ್ಟುಬಿಡಿ ಸಾರ್, ನಿಮಗೇನು ಕಡಿಮೆಯಾಗಿದೆ’ ಎಂದು ನಾನು ಹೇಳಿದೆ. ಅವರ ಹೆಂಡತಿಯೂ ಬೇಡವೆಂದು ಅತ್ತರು. ಮೇಷ್ಟ್ರದು ಮಾತ್ರ ಒಂದೇ ಮಾತು. ‘ಇದು ತೋಟದ ಪ್ರಶ್ನೆ ಅಲ್ಲ ಕಣ್ರೀ. ಇವತ್ತು ಕೇಳಿದ್ರೆ ನಾನೇ ಅವಳಿಗೆ ದಾನವಾಗಿ ಕೊಟ್ಟೇನು. ಆದರೆ ಅಪ್ಪ ಆಡದೇ ಇರೋ ಮಾತನ್ನ ಆಡಿದ್ರು ಅಂತ ಹೇಗೆ ಒಪ್ಪಲಿ?’

ವ್ಯಾಕರಣದ ಪ್ರಕಾರ ಅವರೇ ಸರಿ. ಅದೇ ದೊಡ್ಡ ದುರದೃಷ್ಟವಾಯಿತು. ತಪ್ಪು ತಮ್ಮ ಕಡೆಗಿದೆ ಎಂಬ ಸಣ್ಣ ಅಳುಕು ಇದ್ದಿದ್ದರೂ ಆ ಮನುಷ್ಯ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಕೇಸು ವರ್ಷಗಟ್ಟಲೆ ನಡೆಯಿತು. ಕೋರ್ಟಿಗೆ ಅವರ ವ್ಯಾಕರಣವೇನೂ ಬೇಕಾಗಲಿಲ್ಲ. ಅಜ್ಜನ ಕಾಲದಿಂದ ಬಂದ ಆಸ್ತಿ, ಮದುವೆಯಾಗಿ ಹೋಗಿದ್ದ ಹೆಣ್ಣುಮಗಳು, ಬರೀ ಬಾಯಿಮಾತು. ತೀರ್ಪು ಮೇಷ್ಟ್ರ ಕಡೆಗಾಯಿತು.

ಅವತ್ತು ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ. ಕೋರ್ಟಿನ ಮುಂದೆ ಜನ, ಸೈಕಲ್ಲು, ಕರಿಕೋಟಿನ ವಕೀಲರು. ತಮ್ಮ ಕಡೆಯ ಲಾಯರ್ ಜೊತೆ ಅಕ್ಕ ಹೊರಗೆ ಬಂದರು. ನಮ್ಮನ್ನು ಬಳಸಿಕೊಂಡು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಮ್ಮನ ಎದುರಿಗೆ ನಿಂತರು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು.

‘ಗೆದ್ಯಲ್ಲ. ಇನ್ನಾದ್ರೂ ಗೆಲುವಾಗಿರು ಕಣೋ’ ಎಂದರು.

ದನಿ ಏರಿರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಅಷ್ಟು ಹೇಳಿ ಲಾಯರ್ ಜೊತೆ ಆ ಕಡೆ ನಡೆದರು. ಮೇಷ್ಟ್ರು ಅಲ್ಲೇ ನಿಂತಿದ್ದರು. ನಾನು ತೋಳು ಹಿಡಿದು, ‘ನಡೀರಿ ಸಾರ್’ ಎಂದು ಆಟೋ ಹತ್ತಿಸಿದೆ.

ಮರುವಾರವೇ ಅಕ್ಕ ಹಾರನಹಳ್ಳಿ ಬಿಟ್ಟು ಬಾಣಾವರದಲ್ಲಿ ಮಗಳ ಮನೆಗೆ ಹೋದರು. ತೋಟವನ್ನು ಮೇಷ್ಟ್ರು ಊರಿನ ಒಬ್ಬರಿಗೆ ನೋಡಿಕೊಳ್ಳಲು ಬಿಟ್ಟರು. ಕಾಯಿ ಕೀಳಿಸುವ ದಿನವೂ ಆ ಕಡೆ ಹೋಗುತ್ತಿರಲಿಲ್ಲ.

ಆ ವರ್ಷ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಪಾಠ ಕೇಳಿಸುತ್ತಿತ್ತು. ಹುಡುಗನೊಬ್ಬ ಪದ್ಯ ಓದುತ್ತ ಆ ಪದದ ಹತ್ತಿರ ಬಂದ. ಮೇಲಿನ ತರಗತಿಯವರು ಮೊದಲೇ ಹೇಳಿಕೊಟ್ಟಿದ್ದರೋ ಏನೋ, ‘ಗೆಲುವು ಅಂದ್ರೇನು ಸಾರ್?’ ಎಂದು ಕೇಳಿ ನಗುವಿಗೆ ಕಾದ. ನಾನೂ ಸೀಮೆಸುಣ್ಣ ಹಿಡಿದು ಹಾಗೇ ನಿಂತೆ.

‘ಗೆಲುವು ಅಂದರೆ ಜಯ. ಮುಂದೆ ಓದು’ ಎಂದರು ಮೇಷ್ಟ್ರು.

ಸ್ಟಾಫ್ ರೂಮಿನಲ್ಲಿಯೂ ಅವರು ಎಲ್ಲರಂತೆ ‘ಚೆನ್ನಾಗಿದ್ದೀರಾ’ ಎನ್ನತೊಡಗಿದರು. ಯಾರೂ ಅದನ್ನು ಎತ್ತಿ ಆಡಲಿಲ್ಲ. ನನ್ನೊಬ್ಬನ ಹತ್ತಿರ ಮಾತ್ರ, ಕಾಲೇಜು ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ನಡೆಯುವಾಗ, ಇದ್ದಕ್ಕಿದ್ದಂತೆ ಕೇಳುತ್ತಿದ್ದರು: ‘ಅವತ್ತು ನೀವೂ ಇದ್ರಲ್ಲ. ಹರಸಿದಳೋ, ಚುಚ್ಚಿದಳೋ?’

‘ಹರಸಿದ ಹಾಗೇ ಇತ್ತು ಸಾರ್.’

‘ಇನ್ನಾದ್ರೂ ಅಂದಳಲ್ಲ. ಅಂದರೆ ಇಷ್ಟು ದಿನ ಇರಲಿಲ್ಲ ಅಂತ. ಆ ಇನ್ನಾದ್ರೂ ಅನ್ನೋದರಲ್ಲಿ ಮುಳ್ಳಿದೆ ಕಣ್ರೀ.’ ಹತ್ತು ಹೆಜ್ಜೆ ಹೋದ ಮೇಲೆ ಅವರೇ, ‘ಆದರೆ ಕಣೋ ಅಂದಳು. ಸಿಟ್ಟಿದ್ದರೆ ಕಣೋ ಅನ್ನುತ್ತಿದ್ದಳಾ?’ ಎನ್ನುವರು.

‘ಹೋಗಿ ಅವರನ್ನೇ ಕೇಳಿಬಿಡಿ’ ಎಂದೆ ಒಮ್ಮೆ.

‘ಕೇಳಿಬಿಟ್ರೆ ಎರಡರಲ್ಲಿ ಒಂದು ಅರ್ಥ ಹೋಗುತ್ತೆ. ಯಾವುದು ಹೋಗುತ್ತೋ ಅಂತ ಹೆದರಿಕೆ’ ಎಂದರು.

ಹೀಗಿದ್ದವರು ಒಂದು ದಿನ ತಾವಾಗಿಯೇ ಬಾಣಾವರಕ್ಕೆ ಹೊರಟರು. ತೋಟವನ್ನು ಅಕ್ಕನ ಹೆಸರಿಗೆ ಬರೆದುಕೊಡುವುದೆಂದು ನಿಶ್ಚಯಿಸಿದ್ದರು. ಒಬ್ಬರೇ ಹೋಗಲು ಧೈರ್ಯವಾಗದೆ ನನ್ನನ್ನೂ ಕರೆದರು. ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಮೊಣಕೈಯವರೆಗೆ ಮಡಿಸಿದ್ದ ಶರ್ಟಿನ ತೋಳನ್ನು ಅವರು ಬಿಚ್ಚುವುದು, ಮತ್ತೆ ಮಡಿಸುವುದು. ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ.

ಮಗಳ ಮನೆ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಕ್ಕ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಮ್ಮನ್ನು ನೋಡಿ ಎದ್ದು, ಸೆರಗು ಸರಿಮಾಡಿಕೊಂಡು, ‘ಬನ್ನಿ, ಒಳಗ್ ಬನ್ನಿ. ಕೂತ್ಕಳಿ’ ಎಂದರು. ನನಗೆ ಹೇಳಿದ್ದೆಂದೇ ನಾನು ಭಾವಿಸಿದೆ. ಆಮೇಲೆ ತಮ್ಮನ ಕಡೆ ತಿರುಗಿ, ‘ಮನೇಲಿ ಎಲ್ಲಾ ಆರಾಮಿದ್ದಾರಾ? ನೀವು ಕಾಫಿ ಕುಡೀತೀರೋ, ಟೀನೋ?’ ಎಂದರು.

ಮೇಷ್ಟ್ರ ಮುಖ ಪೆಚ್ಚಾಯಿತು. ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲೇ ಚೆದುರಿತು. ‘ಅಕ್ಕ, ತೋಟ ನಿನ್ನ ಹೆಸರಿಗೆ ಬರೆದುಕೊಡ್ತೀನಿ. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ನಾಳೆ ಬಂದರೂ ಸೈ’ ಎಂದು ಒಂದೇ ಉಸಿರಿಗೆ ಅಂದರು.

ಅಕ್ಕ ಕಾಫಿ ಲೋಟ ಇಟ್ಟು ಗೋಡೆಗೆ ಒರಗಿ ನಿಂತರು. ‘ಬ್ಯಾಡಿ. ನಂಗೀಗ ತೋಟ ಯಾಕೆ? ಮಂಡಿನೋವು, ಅಷ್ಟು ದೂರ ಯಾರ್ ಓಡಾಡ್ತಾರೆ.’

‘ನಿನಗಲ್ಲದಿದ್ದರೆ ಮಗಳಿಗಾದರೂ…’

‘ಅದಲ್ಲ. ಅಪ್ಪ ನಂಗೆ ಕೊಟ್ಟಿರಲಿಲ್ಲ ಅಂತ ಕೋರ್ಟಲ್ಲೇ ಆಯ್ತಲ್ಲ. ಅಪ್ಪ ಕೊಟ್ರು ಅಂತ ಇಟ್ಕಂಡಿದ್ದೆ. ಅವರು ಕೊಡದೇ ಇದ್ದದ್ದನ್ನ ನೀವ್ ಕೊಟ್ರೆ ನಾ ಹೆಂಗ್ ತಗಳ್ಳಿ?’

ಮಾತಿನಲ್ಲಿ ಕೊಂಕಿರಲಿಲ್ಲ. ಊಟ ಮಾಡಿಕೊಂಡೇ ಹೋಗಬೇಕೆಂದು ಒತ್ತಾಯ ಮಾಡಿದರು. ಅವರೆಕಾಳಿನ ಸಾರು, ಮುದ್ದೆ ಬಡಿಸಿದರು. ‘ಇನ್ನೊಂಚೂರು ಹಾಕಿಸ್ಕಳಿ’ ಎಂದು ತಮ್ಮನಿಗೂ ನನಗೂ ಒಂದೇ ಸಮ ಉಪಚಾರ. ನೆಂಟರನ್ನು ಅದಕ್ಕಿಂತ ಚೆನ್ನಾಗಿ ಯಾರೂ ನೋಡಿಕೊಳ್ಳಲಾರರು.

ವಾಪಸು ರೈಲಿಗೆ ಕಾಯುತ್ತ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ‘ನೀವು ಅಂದಳು ಕಣ್ರೀ’ ಎಂದರು. ‘ನನ್ನನ್ನ ಎತ್ತಿ ಆಡಿಸಿದವಳು ನೀವು ಅಂದಳು.’ ಆಮೇಲೆ ಕರವಸ್ತ್ರ ಹುಡುಕಿದರು. ನಾನು ಹಳಿಯ ಕಡೆ ನೋಡುತ್ತ ಕೂತೆ.

ಅದಾದ ಮೇಲೆ ಹಬ್ಬಕ್ಕೆ, ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಎಂದು ಮೇಷ್ಟ್ರು ಬಾಣಾವರಕ್ಕೆ ಹೋಗಿಬಂದು ಮಾಡುತ್ತಿದ್ದರು. ಅಕ್ಕನೂ ಒಮ್ಮೆ ಅರಸೀಕೆರೆಗೆ ಬಂದು ಹೋದರು. ಜಗಳ ಮುಗಿದಿತ್ತು. ‘ನೀವು’ ಮಾತ್ರ ಹಾಗೇ ಉಳಿಯಿತು.

ಮೇಷ್ಟ್ರು ನಿವೃತ್ತರಾದಾಗ ಹುಡುಗರು ಸೇರಿ ಒಂದು ಸಮಾರಂಭ ಮಾಡಿದರು. ಭಾಷಣ ಮಾಡಿದವರೆಲ್ಲ ಆ ಪದದ ಕಥೆ ಎತ್ತಿದರು, ಸಭೆ ನಕ್ಕಿತು. ಅವರು ಕೊನೆಗೆ ಎದ್ದು ನಿಂತು, ‘ನಾನು ಮಾತಿಗೆ ಎಷ್ಟು ಅರ್ಥ ಇದೆ ಅಂತ ಹೇಳಿಕೊಟ್ಟೆ. ಯಾವಾಗ ಅರ್ಥ ಹುಡುಕಬಾರದು ಅಂತ ಹೇಳಿಕೊಡಲಿಲ್ಲ. ಅದು ನನಗೇ ಗೊತ್ತಿರಲಿಲ್ಲ’ ಎಂದು ಕೂತರು. ಸಭೆಗೆ ಅದು ಅರ್ಥವಾಗಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದ ದಿನ ಸ್ವಲ್ಪ ಸುಧಾರಿಸಿದಂತಿತ್ತು. ನರ್ಸು ಬಂದು, ‘ಅಜ್ಜಾರು ಇವತ್ತು ಗೆಲುವಾಗವ್ರೆ’ ಎಂದಳು. ಅವರು ನನ್ನ ಕಡೆ ನೋಡಿ, ಆಕ್ಸಿಜನ್ ಮಾಸ್ಕಿನ ಒಳಗೇ ಏನೋ ಹೇಳಿದರು. ನಕ್ಕರೋ ಏನೋ. ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುವಷ್ಟು ಅವರಿಗೆ ಶಕ್ತಿಯಿರಲಿಲ್ಲ. ಅದೇ ವಾರ ಹೋಗಿಬಿಟ್ಟರು.

ಅವರ ಮನೆತನದಲ್ಲಿ ಹೂಳುವ ಪದ್ಧತಿ, ಅದೂ ಸ್ವಂತ ತೋಟದಲ್ಲೇ. ತಂದೆಯ ಸಮಾಧಿಯ ಪಕ್ಕ, ಆ ಕೆರೆಯ ಹಿಂದಿನ ತೋಟದಲ್ಲಿ, ಗುಣಿ ತೆಗೆದಿದ್ದರು. ಅವರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಅಕ್ಕ ಬಾಣಾವರದಿಂದ ಟೆಂಪೋ ಮಾಡಿಕೊಂಡು ಮಗಳ ಜೊತೆ ಬಂದರು. ಕೇಸು ಮುಗಿದ ಮೇಲೆ ಆಕೆ ಆ ತೋಟಕ್ಕೆ ಕಾಲಿಟ್ಟದ್ದು ಅವತ್ತೇ. ಮಂಡಿ ಹಿಡಿದುಕೊಂಡು ಬದು ದಾಟಿ ಬಂದು, ಬಿಲ್ವಪತ್ರೆ ಹಾಕಿ, ಮಣ್ಣು ಹಾಕಿದರು. ಅಳಲಿಲ್ಲ. ಎಲ್ಲ ಮುಗಿದು ಜನ ಕೈಕಾಲು ತೊಳೆಯಲು ಪಂಪ್‌ಸೆಟ್ಟಿನ ಕಡೆ ಹೋದ ಮೇಲೆ ಒಂದು ಮರದ ಬುಡದಲ್ಲಿ ಕೂತರು. ನಾನು ಹತ್ತಿರ ಹೋದೆ.

ಮೇಷ್ಟ್ರು ತಾವಿದ್ದಾಗ ಕೇಳಲು ಹೆದರಿದ್ದನ್ನು ಕೇಳುವ ಹಕ್ಕು ನನಗಿತ್ತೋ ಇಲ್ಲವೋ ಗೊತ್ತಿಲ್ಲ. ಕೇಳಿದೆ. ‘ಅಮ್ಮಾ, ತೀರ್ಪಿನ ದಿನ ಕೋರ್ಟಿನ ಮುಂದೆ ಒಂದು ಮಾತು ಅಂದಿರಿ. ಗೆದ್ಯಲ್ಲ, ಇನ್ನಾದ್ರೂ ಗೆಲುವಾಗಿರು ಅಂತ. ಮೇಷ್ಟ್ರು ಕೊನೇವರೆಗೂ ಅದನ್ನೇ ನೆನೀತಿದ್ರು. ಯಾವ ಅರ್ಥದಲ್ಲಿ ಅಂದಿರಿ?’

ಆಕೆ ನನ್ನ ಮುಖ ನೋಡಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದರು.

‘ನಾನು ಹಂಗಂದ್ನಾ? ಇಲ್ಲ ಕಣಪ್ಪ, ನೆನಪಿಲ್ಲ. ಅವತ್ತು ಏನಂದ್ನೋ ಏನ್ಬಿಟ್ನೋ.’ ಬಿದ್ದಿದ್ದ ಗರಿಯೊಂದರ ಕಡ್ಡಿಯನ್ನು ಎಳೆಯುತ್ತ ಕೂತರು. ‘ಅವ್ನು ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿರಲಿಲ್ಲ. ಅದ್ ನೆನಪೈತೆ. ತುಟಿ ಒಣಗೋಗಿತ್ತು. ಚಿಕ್ಕೋನಿಂದ್ಲೂ ಹಂಗೇ, ಹಸಿವಾದ್ರೆ ಬಾಯ್ಬಿಟ್ ಕೇಳ್ತಿರಲಿಲ್ಲ. ಕರ್ಕಂಡ್ ಹೋಗಿ ಎದುರುಗಡೆ ಹೋಟ್ಲಲ್ಲಿ ಎರಡಿಡ್ಲಿ ತಿನ್ಸಾಣ ಅಂತ ಮನಸ್ಸಾಯ್ತು. ಅಷ್ಟರಲ್ಲಿ ಲಾಯರ್ರು, ಅಪೀಲ್ ಹಾಕಾಣ ಬನ್ನಿ ಅಂತ ಆ ಕಡೆ ಕರ್ದ್ರು. ಅಪೀಲೂ ಬ್ಯಾಡ, ಏನೂ ಬ್ಯಾಡ ಅಂತ ಅವರಿಗೆ ಹೇಳಿ ತಿರುಗ್ ನೋಡಿದೆ. ಅಷ್ಟೊತ್ಗೆ ನೀವು ಅವನ್ನ ಆಟೋ ಹತ್ತಿಸ್ಕಂಡ್ ಹೊಂಟೋಗಿದ್ರಿ.’